ಆರ್ಥರ್ ಲೇಸನ್‌ಬಿ ಲಿಬರ್ಟಿ

ಸರ್ ಆರ್ಥರ್ ಲೇಸನ್‌ಬಿ ಲಿಬರ್ಟಿ (ಆಗಸ್ಟ್ ೧೩, ೧೮೪೩ – ಮೇ ೧೧, ೧೯೧೭) ಇಂಗ್ಲೆಂಡಿನ ವರ್ತಕರು ಹಾಗೂ ಲಂಡನ್ನಿನ ರೀಜೆಂಟ್ ಬೀದಿಯ ಪ್ರಸಿದ್ಧ 'ಲಿಬರ್ಟಿ' ಮಳಿಗೆಯ ಸ್ಥಾಪಕರು. ಜಪಾನ್, ಭಾರತ ಮೊದಲಾದ ಪೂರ್ವದೇಶಗಳಿಂದ ರೇಷ್ಮೆ, ಪಿಂಗಾಣಿ, ಬೀಸಣಿಗೆ, ರತ್ನಗಂಬಳಿ ಮುಂತಾದ ಗೃಹಾಲಂಕಾರದ ವಸ್ತುಗಳನ್ನು ತರಿಸಿ ಚಿಲ್ಲರೆಯಾಗಿ ಮಾರುವುದರ ಮೂಲಕ ಅವರು ಹೆಸರು ಗಳಿಸಿದರು. ಕ್ರಮೇಣ ಅವರ ಮಳಿಗೆಯು ಸ್ವದೇಶದಲ್ಲಿ ತಯಾರಾದ ವಸ್ತುಗಳತ್ತಲೂ ತಿರುಗಿ, ಯುರೋಪಿನ ಅಲಂಕಾರ ಕಲೆಯ ಮೇಲೆ ಗಾಢವಾದ ಪ್ರಭಾವ ಬೀರಿತು.

ಆರಂಭಿಕ ಜೀವನ

ಲಿಬರ್ಟಿಯವರು ಬಕಿಂಗ್‌ಹ್ಯಾಮ್‌ಶೈರಿನ ಚೆಶಮ್ ಪಟ್ಟಣದಲ್ಲಿ ಜನಿಸಿದರು. ತಂದೆ ಬಟ್ಟೆ ವ್ಯಾಪಾರಿ. ನಾಟಿಂಗ್‌ಹ್ಯಾಮ್‌ನಲ್ಲಿ ಶಾಲಾ ಶಿಕ್ಷಣ ಪಡೆದು, ಹದಿಹರೆಯದಲ್ಲಿಯೇ ದುಡಿಮೆಗೆ ಇಳಿದರು. ಕೆಲಕಾಲ ಸಂಬಂಧಿಕರ ವ್ಯಾಪಾರದಲ್ಲಿ ನೆರವಾದ ಬಳಿಕ ಲಂಡನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕಲಿತರು. ೧೮೬೨ರಲ್ಲಿ ರೀಜೆಂಟ್ ಬೀದಿಯ 'ಫಾರ್ಮರ್ ಅಂಡ್ ರಾಜರ್ಸ್' ಎಂಬ ಶಾಲು ಮಾರಾಟದ ಮಳಿಗೆಯನ್ನು ಸೇರಿದರು.

ಅದೇ ವರ್ಷ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ನಡೆಯಿತು. ಜಪಾನಿನ ಬಂದರುಗಳು ಬ್ರಿಟಿಷ್ ವ್ಯಾಪಾರಕ್ಕೆ ತೆರೆದು ಆಗ ಕೆಲವೇ ವರ್ಷಗಳಾಗಿದ್ದವು. ಅಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ರದರ್‌ಫರ್ಡ್ ಆಲ್ಕಾಕ್ ಸಂಗ್ರಹಿಸಿದ್ದ ವಸ್ತುಗಳು ಪ್ರದರ್ಶನದಲ್ಲಿ ಜನರ ಮನಸೆಳೆದವು. ಪ್ರದರ್ಶನ ಮುಗಿದ ಮೇಲೆ ಫಾರ್ಮರ್ ಅಂಡ್ ರಾಜರ್ಸ್ ಸಂಸ್ಥೆಯು ಅಲ್ಲಿನ ಕೆಲವು ವಸ್ತುಗಳನ್ನು ಕೊಂಡು, ಪೂರ್ವದೇಶದ ಸರಕಿಗಾಗಿಯೇ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಲಿಬರ್ಟಿಯವರು ಬೇಗನೆ ಅದರ ವ್ಯವಸ್ಥಾಪಕರಾದರು. ಚಿತ್ರಕಾರರಾದ ವಿಸ್ಲರ್, ರೊಸೆಟ್ಟಿ ಮೊದಲಾದವರು ಇಲ್ಲಿಯೇ ಅವರಿಗೆ ಪರಿಚಿತರಾದರು. ಹತ್ತು ವರ್ಷಕ್ಕೂ ಮೇಲ್ಪಟ್ಟು ಆ ವಿಭಾಗವನ್ನು ಲಾಭದಲ್ಲಿ ನಡೆಸಿದರೂ ಪಾಲುದಾರಿಕೆ ದೊರೆಯದಿದ್ದುದರಿಂದ ಅವರು ಸ್ವಂತ ಅಂಗಡಿ ತೆರೆಯಲು ನಿರ್ಧರಿಸಿದರು.

ಸ್ವಂತ ಮಳಿಗೆ

೧೮೭೫ರಲ್ಲಿ ಲಿಬರ್ಟಿಯವರು ಎಮಾ ಲೂಯಿಸ್ ಬ್ಲ್ಯಾಕ್‌ಮೋರ್ ಅವರನ್ನು ವಿವಾಹವಾದರು. ಇದು ಅವರ ಎರಡನೆಯ ವಿವಾಹ. ಎಮಾರವರ ತಂದೆಯಿಂದ ಪಡೆದ ೨,೦೦೦ ಪೌಂಡ್ ಸಾಲದಿಂದ ರೀಜೆಂಟ್ ಬೀದಿಯ ೨೧೮ಎ ಸಂಖ್ಯೆಯ ಕಟ್ಟಡದ ಅರ್ಧಭಾಗವನ್ನು ಗುತ್ತಿಗೆಗೆ ಪಡೆದು, ಮೂವರು ನೌಕರರೊಂದಿಗೆ ವ್ಯಾಪಾರ ಆರಂಭಿಸಿದರು. ಮಳಿಗೆಗೆ 'ಈಸ್ಟ್ ಇಂಡಿಯಾ ಹೌಸ್' ಎಂದು ಹೆಸರಿಟ್ಟರು. ಹದಿನೆಂಟು ತಿಂಗಳೊಳಗೆ ಸಾಲ ತೀರಿತು. ಕಟ್ಟಡದ ಉಳಿದರ್ಧವೂ ಅವರ ವಶಕ್ಕೆ ಬಂದಿತು. ಮುಂದೆ ಅದೇ ಬೀದಿಯಲ್ಲಿ ಪಡೆದ ಮತ್ತೊಂದು ಕಟ್ಟಡಕ್ಕೆ ಹುಟ್ಟೂರಿನ ನೆನಪಿಗಾಗಿ 'ಚೆಶಮ್ ಹೌಸ್' ಎಂದು ಹೆಸರಿಟ್ಟರು. ಅದರ ನೆಲಮಾಳಿಗೆಯಲ್ಲಿ ಅಲಂಕಾರ ವಸ್ತುಗಳ 'ಈಸ್ಟರ್ನ್ ಬಜಾರ್' ಇದ್ದಿತು.

ಆಮದು ಸರಕಿನ ಗುಣಮಟ್ಟ

ಬೇಡಿಕೆ ಹೆಚ್ಚಿದಂತೆ ಯುರೋಪಿನ ಮಾರುಕಟ್ಟೆಗಾಗಿಯೇ ತರಾತುರಿಯಲ್ಲಿ ತಯಾರಾದ ವಸ್ತುಗಳು ಬರತೊಡಗಿದವು. ೧೮೭೬ರಲ್ಲಿಯೇ ವಾಸ್ತುಶಿಲ್ಪಿ ಇ. ಡಬ್ಲ್ಯು. ಗಾಡ್ವಿನ್ ಅವರು ಈ ಮಳಿಗೆಯ ಕುರಿತು ಬರೆಯುತ್ತ, ಹೊಸದಾಗಿ ಬಂದ ಜಪಾನಿ ಬೀಸಣಿಗೆಗಳ ಬಣ್ಣ ಒರಟಾಗಿದೆಯೆಂದು ಆಕ್ಷೇಪಿಸಿದ್ದರು. ಪೂರ್ವದ ಕೈಕೆಲಸವೆಂಬ ನಂಬಿಕೆಯ ಮೇಲೆಯೇ ನಿಂತಿದ್ದ ವ್ಯಾಪಾರಕ್ಕೆ ಇದು ಗಂಭೀರ ಸಮಸ್ಯೆಯಾಗಿತ್ತು.

ಲಿಬರ್ಟಿಯವರು ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಬಣ್ಣ ಹಾಕದ ರೇಷ್ಮೆಯನ್ನು ಭಾರತದಿಂದ ತರಿಸಿ ಇಂಗ್ಲೆಂಡಿನಲ್ಲಿಯೇ ಬಣ್ಣ ಹಾಕಿಸುವುದು ಮುಖ್ಯವಾದುದು. ಲೀಕ್ ಪಟ್ಟಣದ ಥಾಮಸ್ ವಾರ್ಡಲ್ ಅವರು ಬಣ್ಣ ಹಿಡಿಯದ ಟಸರ್ ರೇಷ್ಮೆಗೆ ಬಣ್ಣವೇರಿಸುವ ವಿಧಾನದಲ್ಲಿ ಪರಿಣತರಾಗಿದ್ದರು. ಅವರ ನೆರವಿನಿಂದ ಸಿದ್ಧವಾದ ಮೃದುವರ್ಣದ ಬಟ್ಟೆಗಳು 'ಲಿಬರ್ಟಿ ಬಣ್ಣ'ಗಳೆಂದೇ ಹೆಸರಾದವು. ಮಳಿಗೆಯ ಕೆಲವು ರೇಷ್ಮೆಗಳಿಗೆ ಮೈಸೂರು, ನಾಗಪುರ ಮುಂತಾದ ಹೆಸರುಗಳಿದ್ದವು. ಬಣ್ಣ ಹಾಗೂ ಅಚ್ಚಿನ ಕೆಲಸ ಇಂಗ್ಲೆಂಡಿನಲ್ಲಿ ನಡೆದರೂ ಹೆಸರು ಭಾರತದ್ದಾಗಿಯೇ ಉಳಿಯಿತು.

ಭಾರತೀಯ ಗ್ರಾಮದ ಪ್ರದರ್ಶನ

೧೮೮೫ರಲ್ಲಿ ಲಿಬರ್ಟಿ ಸಂಸ್ಥೆಯು ೪೨ ಮಂದಿ ಭಾರತೀಯರನ್ನು ಲಂಡನ್ನಿಗೆ ಕರೆತಂದು, ಬ್ಯಾಟರ್‌ಸಿಯ ಆಲ್ಬರ್ಟ್ ಪ್ಯಾಲೇಸ್‌ನಲ್ಲಿ ಭಾರತೀಯ ಗ್ರಾಮದ ಪ್ರದರ್ಶನ ಏರ್ಪಡಿಸಿತು. ಕುಶಲಕರ್ಮಿಗಳು ಪ್ರೇಕ್ಷಕರ ಮುಂದೆ ತಮ್ಮ ಕಸುಬು ನಡೆಸಿ ತೋರಿಸಬೇಕಾಗಿತ್ತು. ಭಾರತೀಯ ಸರಕಿಗೆ ಪ್ರಚಾರ ದೊರಕಿಸುವುದು ಇದರ ಉದ್ದೇಶ. ಆದರೆ ಪ್ರದರ್ಶನವು ನಷ್ಟದಲ್ಲಿ ಮುಗಿಯಿತು. ಲಂಡನ್ನಿನ ಚಳಿಯಲ್ಲಿ ಅವರು ಪಟ್ಟ ಕಷ್ಟ ಹಾಗೂ ಮನುಷ್ಯರನ್ನು ನೋಟದ ವಸ್ತುವಾಗಿಸಿದ ರೀತಿ ಟೀಕೆಗೆ ಒಳಗಾದವು. ವಸ್ತುವಿಗೆ ಬೆಲೆ ಕಟ್ಟಿದ ವ್ಯಾಪಾರವು ಅದನ್ನು ತಯಾರಿಸುವವರ ಯೋಗಕ್ಷೇಮವನ್ನು ಕಡೆಗಣಿಸಿದುದಕ್ಕೆ ಇದು ನಿದರ್ಶನವಾಯಿತು.

ಜಪಾನ್ ಪ್ರವಾಸ ಮತ್ತು ನಂತರದ ವರ್ಷಗಳು

೧೮೮೮–೮೯ರಲ್ಲಿ ಲಿಬರ್ಟಿಯವರು ಪತ್ನಿಯೊಂದಿಗೆ ಜಪಾನಿಗೆ ಹೋಗಿ ಅಲ್ಲಿನ ಕರಕುಶಲ ಕಲೆಗಳನ್ನು ಪ್ರತ್ಯಕ್ಷವಾಗಿ ಕಂಡರು. ಎಮಾರವರು ತೆಗೆದ ಛಾಯಾಚಿತ್ರಗಳು ಮುಂದೆ ಪುಸ್ತಕರೂಪದಲ್ಲಿ ಪ್ರಕಟವಾದವು. ಇದೇ ಅವಧಿಯಲ್ಲಿ ಪ್ಯಾರಿಸ್ಸಿನಲ್ಲಿ ಶಾಖೆ ತೆರೆಯಿತು. ೧೮೯೪ರಲ್ಲಿ ಸಂಸ್ಥೆಯು ಸಾರ್ವಜನಿಕ ಕಂಪನಿಯಾಯಿತು.

ಶತಮಾನದ ಕೊನೆಯ ವೇಳೆಗೆ ಮಳಿಗೆಯು 'ಸಿಮ್ರಿಕ್' ಎಂಬ ಬೆಳ್ಳಿಯ ವಸ್ತುಗಳನ್ನೂ, ಬಳಿಕ 'ಟ್ಯೂಡ್ರಿಕ್' ಎಂಬ ತವರ ಮಿಶ್ರಲೋಹದ ವಸ್ತುಗಳನ್ನೂ ಹೊರತಂದಿತು. ಇವುಗಳ ಪ್ರಮುಖ ವಿನ್ಯಾಸಕಾರ ಆರ್ಚಿಬಾಲ್ಡ್ ನಾಕ್ಸ್. ಆದರೆ ವಸ್ತುಗಳು ಮಳಿಗೆಯ ಹೆಸರಿನಲ್ಲಿಯೇ ಮಾರಾಟವಾಗುತ್ತಿದ್ದುದರಿಂದ ವಿನ್ಯಾಸಕಾರರ ಹೆಸರು ಗ್ರಾಹಕರಿಗೆ ತಿಳಿಯುತ್ತಿರಲಿಲ್ಲ. ಮಳಿಗೆಯ ಖ್ಯಾತಿ ಎಷ್ಟು ಹಬ್ಬಿತೆಂದರೆ, ಇಟಲಿಯಲ್ಲಿ 'ಆರ್ಟ್ ನೂವೋ' ಕಲಾಶೈಲಿಯನ್ನು ಇಂದಿಗೂ 'ಲಿಬರ್ಟಿ ಶೈಲಿ' ಎಂದು ಕರೆಯಲಾಗುತ್ತದೆ.

ನಿಧನ ಮತ್ತು ಸ್ಮರಣೆ

೧೯೧೩ರಲ್ಲಿ ಲಿಬರ್ಟಿಯವರಿಗೆ 'ಸರ್' ಪದವಿ ದೊರೆಯಿತು. ೧೯೧೭ರಲ್ಲಿ ಅವರು ಬಕಿಂಗ್‌ಹ್ಯಾಮ್‌ಶೈರಿನ ದ ಲೀ ಗ್ರಾಮದ ತಮ್ಮ ನಿವಾಸದಲ್ಲಿ ನಿಧನರಾದರು. ಅವರಿಗೆ ಮಕ್ಕಳಿರಲಿಲ್ಲ. ಅವರ ಸಮಾಧಿಯ ಕಲ್ಲನ್ನು ವಿನ್ಯಾಸಗೊಳಿಸಿದವರು ಆರ್ಚಿಬಾಲ್ಡ್ ನಾಕ್ಸ್. ಅವರ ಮರಣಾನಂತರ, ೧೯೨೪ರಲ್ಲಿ, ಎರಡು ಹಳೆಯ ಯುದ್ಧನೌಕೆಗಳ ಮರವನ್ನು ಬಳಸಿ ಮಳಿಗೆಯ ಈಗಿನ ಟ್ಯೂಡರ್ ಶೈಲಿಯ ಕಟ್ಟಡವನ್ನು ನಿರ್ಮಿಸಲಾಯಿತು. ಆ ನೌಕೆಗಳಲ್ಲಿ ಒಂದರ ಹೆಸರು 'ಹಿಂದೂಸ್ತಾನ್'.