ಜಾನ್ ಫ್ರಾಂಕ್ ಸ್ಟೀವನ್ಸ್

ಜಾನ್ ಫ್ರಾಂಕ್ ಸ್ಟೀವನ್ಸ್ (ಏಪ್ರಿಲ್ 25, 1853 – ಜೂನ್ 2, 1943) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ರೈಲ್ವೆ ಇಂಜಿನಿಯರ್. 1905ರಿಂದ 1907ರವರೆಗೆ ಪನಾಮಾ ಕಾಲುವೆಯ ಮುಖ್ಯ ಇಂಜಿನಿಯರ್ ಆಗಿದ್ದ ಇವರು, ಕುಸಿಯುವ ಹಂತ ತಲುಪಿದ್ದ ಆ ಯೋಜನೆಯನ್ನು ಕ್ರಮಕ್ಕೆ ತಂದವರೆಂದು ಹೆಸರಾಗಿದ್ದಾರೆ.

ಜನನ ಮತ್ತು ವೃತ್ತಿ

ಸ್ಟೀವನ್ಸ್ ಮೇನ್ ರಾಜ್ಯದ ವೆಸ್ಟ್ ಗಾರ್ಡಿನರ್ ಎಂಬಲ್ಲಿ ಜನಿಸಿದರು. ಇಂಜಿನಿಯರಿಂಗ್ ಪದವಿ ಇವರಿಗಿರಲಿಲ್ಲ. ಭೂಮಾಪನವನ್ನೂ ಹಳಿ ನಿರ್ಮಾಣವನ್ನೂ ಕೆಲಸ ಮಾಡುತ್ತಲೇ ಕಲಿತರು. 1889ರಲ್ಲಿ ಜೇಮ್ಸ್ ಜೆ. ಹಿಲ್ ಅವರ ಗ್ರೇಟ್ ನಾರ್ದರ್ನ್ ರೈಲ್ವೆಗಾಗಿ ರಾಕಿ ಪರ್ವತಗಳಲ್ಲಿ ಮಾರ್ಗ ಹುಡುಕಲು ಹೊರಟರು. ಡಿಸೆಂಬರ್ ತಿಂಗಳ ಹಿಮದಲ್ಲಿ ಜೊತೆಗಿದ್ದ ಮಾರ್ಗದರ್ಶಿ ಹಿಂದುಳಿದಾಗ ಒಬ್ಬರೇ ಮುಂದುವರಿದು ಮರಿಯಾಸ್ ಕಣಿವೆಮಾರ್ಗವನ್ನು ಗುರುತಿಸಿದರು. ಚಳಿಯಲ್ಲಿ ಹೆಪ್ಪುಗಟ್ಟದಿರಲು ಆ ರಾತ್ರಿಯಿಡೀ ಅತ್ತಿಂದಿತ್ತ ನಡೆದಾಡುತ್ತಲೇ ಕಳೆದರೆಂದು ಹೇಳಲಾಗುತ್ತದೆ. ಕ್ಯಾಸ್ಕೇಡ್ ಪರ್ವತಗಳ ಸ್ಟೀವನ್ಸ್ ಕಣಿವೆಮಾರ್ಗಕ್ಕೆ ಇವರದೇ ಹೆಸರಿದೆ.

ಪನಾಮಾ ಕಾಲುವೆ

ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಜೋಡಿಸಲು ಫ್ರೆಂಚರು 1881ರಲ್ಲಿ ಆರಂಭಿಸಿದ ಕಾಮಗಾರಿ, ಸಾವಿರಾರು ಜನರನ್ನು ರೋಗಕ್ಕೆ ಬಲಿಕೊಟ್ಟು 1889ರಲ್ಲಿ ನಿಂತುಹೋಗಿತ್ತು. 1904ರಲ್ಲಿ ಅದನ್ನು ಕೈಗೆತ್ತಿಕೊಂಡ ಅಮೆರಿಕವೂ ಒಂದೇ ವರ್ಷದಲ್ಲಿ ಅದೇ ದಾರಿ ಹಿಡಿಯಿತು. ಬೇಗ ಅಗೆಯಬೇಕೆಂಬ ಒತ್ತಡ ಒಂದೆಡೆ, ಹಳದಿ ಜ್ವರದ ಭೀತಿ ಇನ್ನೊಂದೆಡೆ. ಅಮೆರಿಕನ್ ನೌಕರರಲ್ಲಿ ಬಹುಪಾಲು ಜನ ಊರಿಗೆ ಓಡಿದರು. ಮುಖ್ಯ ಇಂಜಿನಿಯರ್ ವಾಲೇಸ್ ಕೂಡ ರಾಜೀನಾಮೆ ಕೊಟ್ಟರು. ಹಿಲ್ ಅವರ ಶಿಫಾರಸಿನಂತೆ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ಸ್ಥಾನಕ್ಕೆ ಸ್ಟೀವನ್ಸ್ ಅವರನ್ನು ನೇಮಿಸಿದರು.

1905ರ ಜುಲೈ ಕೊನೆಯಲ್ಲಿ ಬಂದಿಳಿದ ಸ್ಟೀವನ್ಸ್, ಕೆಲವೇ ದಿನಗಳಲ್ಲಿ ಅಗೆತವನ್ನು ನಿಲ್ಲಿಸಿಬಿಟ್ಟರು. ಮಣ್ಣು ಹಾರಿಸುವುದನ್ನೇ ಪ್ರಗತಿಯೆಂದು ಅಳೆಯುತ್ತಿದ್ದ ವಾಷಿಂಗ್ಟನ್ನಿನ ಅವಸರದ ನಡುವೆ ಇದು ಸಣ್ಣ ಧೈರ್ಯವಲ್ಲ. ಹಿಂದಿನ ಅಧಿಕಾರಿಗಳು ಕಡೆಗಣಿಸಿದ್ದ ವೈದ್ಯ ವಿಲಿಯಂ ಗಾರ್ಗಾಸ್ ಅವರಿಗೆ ಬೇಕಾದಷ್ಟು ಹಣ ಮತ್ತು ಆಳುಗಳನ್ನು ಒದಗಿಸಿದರು. ಮನೆಗಳಿಗೆ ಹೊಗೆ ಹಾಕಿ, ಸೊಳ್ಳೆಪರದೆ ಕಟ್ಟಿ, ಪಟ್ಟಣಗಳಿಗೆ ಕೊಳಾಯಿ ನೀರು ತರಲಾಯಿತು. ಆ ವರ್ಷ ಮುಗಿಯುವ ಮುನ್ನವೇ ಪನಾಮಾ ನಗರದಲ್ಲಿ ಹಳದಿ ಜ್ವರ ಅಡಗಿತು. ವಸತಿ, ಊಟದ ಮನೆ, ಶೀತಲ ಉಗ್ರಾಣಗಳೂ ಎದ್ದವು.

ಆದರೆ ಈ ಸೌಲಭ್ಯಗಳು ಸಮನಾಗಿರಲಿಲ್ಲ. ಬಾರ್ಬಡೋಸ್ ಮೊದಲಾದ ದ್ವೀಪಗಳಿಂದ ಬಂದ ಕಪ್ಪು ಕಾರ್ಮಿಕರಿಗೆ ಬೆಳ್ಳಿ ನಾಣ್ಯದ ಕಡಿಮೆ ಕೂಲಿಯೂ ಕೀಳುಮಟ್ಟದ ವಸತಿಯೂ ದೊರೆತವು. ನ್ಯುಮೋನಿಯಾದಿಂದ ಅವರಲ್ಲಿ ಅನೇಕರು ಸತ್ತರು. ಸ್ಟೀವನ್ಸರ ಸಾಧನೆಯನ್ನು ಹೊಗಳುವ ಹಲವು ಬರಹಗಳು ಈ ಭಾಗವನ್ನು ಬಿಟ್ಟುಬಿಡುತ್ತವೆ.

ಕುಲೆಬ್ರಾ ಗುಡ್ಡವನ್ನು ಕಡಿಯುವುದಕ್ಕಿಂತ, ಕಡಿದ ಮಣ್ಣನ್ನು ಸಾಗಿಸುವುದೇ ನಿಜವಾದ ಸಮಸ್ಯೆ ಎಂಬುದನ್ನು ರೈಲ್ವೆಯ ಅನುಭವದಿಂದ ಅವರು ಕಂಡುಕೊಂಡರು. ಹಳೆಯ ಪನಾಮಾ ರೈಲುಮಾರ್ಗವನ್ನು ಭಾರವಾದ ಹಳಿಗಳಿಂದ ಜೋಡಿಮಾರ್ಗವಾಗಿಸಿದರು. ಉಗಿಚಾಲಿತ ಅಗೆಯುವ ಯಂತ್ರಗಳು ಬಿಡುವಿಲ್ಲದೆ ತುಂಬುವಂತೆ, ಗುಡ್ಡದ ಮೆಟ್ಟಿಲು ಮೆಟ್ಟಿಲಿನಲ್ಲೂ ಹಳಿ ಹಾಕಿಸಿ ಖಾಲಿ ವ್ಯಾಗನ್‌ಗಳ ಸಾಲನ್ನು ನಿರಂತರವಾಗಿ ಹರಿಸಿದರು.

ಕಾಲುವೆಯ ಸ್ವರೂಪವೂ ಆಗ ಇತ್ಯರ್ಥವಾಗಿರಲಿಲ್ಲ. ಸಲಹಾ ಇಂಜಿನಿಯರುಗಳ ಮಂಡಲಿ 8–5 ಮತಗಳಿಂದ ಸಮುದ್ರಮಟ್ಟದ ಕಾಲುವೆಯನ್ನು ಶಿಫಾರಸು ಮಾಡಿತ್ತು. ಚಾಗ್ರೆಸ್ ನದಿಯ ಪ್ರವಾಹವನ್ನು ಕಣ್ಣಾರೆ ಕಂಡಿದ್ದ ಸ್ಟೀವನ್ಸ್, ಆ ನದಿಗೆ ಗಾಟುನ್ ಬಳಿ ಅಣೆಕಟ್ಟು ಕಟ್ಟಿ, ಬಾಗಿಲುಗಳುಳ್ಳ ನೀರಿನ ಕೋಣೆಗಳ ಮೂಲಕ ಹಡಗುಗಳನ್ನು ಹಂತಹಂತವಾಗಿ ಏರಿಸಿ ಇಳಿಸುವ ಲಾಕ್ ಪದ್ಧತಿಯ ಪರವಾಗಿ ವಾಷಿಂಗ್ಟನ್ನಿನಲ್ಲಿ ವಾದಿಸಿದರು. 1906ರ ಜೂನ್‌ನಲ್ಲಿ ಸೆನೆಟ್ 36–31 ಮತಗಳಿಂದ ಲಾಕ್ ಕಾಲುವೆಯನ್ನು ಒಪ್ಪಿತು. ಮೂವರು ಸದಸ್ಯರು ಆಚೆಗೆ ವಾಲಿದ್ದರೆ ಕಾಮಗಾರಿ ಬೇರೆಯದೇ ಹಾದಿ ಹಿಡಿಯುತ್ತಿತ್ತು.

ರಾಜೀನಾಮೆ ಮತ್ತು ನಂತರದ ವರ್ಷಗಳು

1907ರ ಜನವರಿಯಲ್ಲಿ ಸ್ಟೀವನ್ಸ್ ಅನಿರೀಕ್ಷಿತವಾಗಿ ರಾಜೀನಾಮೆ ಪತ್ರ ಬರೆದರು. ನಿಜವಾದ ಕಾರಣವನ್ನು ಮುಂದೆ ಎಂದೂ ಬಹಿರಂಗವಾಗಿ ವಿವರಿಸಲಿಲ್ಲ. ಬಿಟ್ಟುಹೋಗಲಾಗದ ಸೇನಾಧಿಕಾರಿಯೇ ಬೇಕೆಂದು ರೂಸ್‌ವೆಲ್ಟ್ ಜಾರ್ಜ್ ಗೋಥಲ್ಸ್ ಅವರನ್ನು ನೇಮಿಸಿದರು. ಕಾಲುವೆ 1914ರ ಆಗಸ್ಟ್ 15ರಂದು ತೆರೆಯಿತು.

1917ರಲ್ಲಿ ಸ್ಟೀವನ್ಸ್ ರಷ್ಯಾಕ್ಕೆ ತೆರಳಿದ ಅಮೆರಿಕನ್ ರೈಲ್ವೆ ಆಯೋಗದ ನೇತೃತ್ವ ವಹಿಸಿದರು. 1927ರಲ್ಲಿ ಅಮೆರಿಕನ್ ಸಿವಿಲ್ ಇಂಜಿನಿಯರುಗಳ ಸಂಘದ ಅಧ್ಯಕ್ಷರಾದರು. ನಾರ್ತ್ ಕೆರೊಲಿನಾದ ಸದರ್ನ್ ಪೈನ್ಸ್‌ನಲ್ಲಿ 90ನೆಯ ವಯಸ್ಸಿನಲ್ಲಿ ನಿಧನರಾದರು.