ಕೊಕ್ಕೆಹುಳುವಿನ ದಾರಿ ಕಂಡ ಆರ್ಥರ್ ಲೂಸ್

ಬರಿಗಾಲಲ್ಲಿ ಹೊಲಕ್ಕೆ ಹೋಗುವ ಮಗುವಿನ ಮುಖ ಕೆಲವೊಮ್ಮೆ ಏಕೆ ಬಿಳಿಚಿಕೊಳ್ಳುತ್ತದೆಂದು ಯೋಚಿಸಿದ್ದೀರಾ? ಇದರ ಉತ್ತರ ಹುಡುಕಿದವರಲ್ಲಿ ಆರ್ಥರ್ ಲೂಸ್ ಪ್ರಮುಖರು.

1861ರಲ್ಲಿ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಜನಿಸಿದ ಇವರು ಈಜಿಪ್ಟಿನ ಕೈರೋದ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಕೊಕ್ಕೆಹುಳು ಬಾಯಿಯ ಮೂಲಕವೇ ಹೊಟ್ಟೆ ಸೇರುತ್ತದೆಂಬ ನಂಬಿಕೆ ಆಗ ಬಲವಾಗಿತ್ತು. ಒಮ್ಮೆ ಪ್ರಯೋಗದ ವೇಳೆ ಮರಿಹುಳುಗಳಿದ್ದ ನೀರು ಇವರ ಕೈಮೇಲೆ ಚೆಲ್ಲಿತು. ಚರ್ಮ ಉರಿದು ಕೆಂಪಾಯಿತು. ಕೆಲವು ವಾರಗಳ ಬಳಿಕ ಇವರ ಮಲದಲ್ಲೇ ಹುಳುವಿನ ಮೊಟ್ಟೆಗಳು ಕಂಡವು! ಹುಳು ಚರ್ಮ ಕೊರೆದು ಒಳನುಗ್ಗುತ್ತದೆಂದು 1898ರಲ್ಲಿ ಪ್ರಕಟಿಸಿದರು. ಹಲವರು ಒಪ್ಪಲಿಲ್ಲ. ಇವರು ವರ್ಷಗಟ್ಟಲೆ ಶ್ರಮಿಸಿ, ಅದು ರಕ್ತ, ಶ್ವಾಸಕೋಶ, ಗಂಟಲಿನ ಮೂಲಕ ಕರುಳು ಸೇರುವ ದಾರಿಯನ್ನು ತೋರಿಸಿಕೊಟ್ಟರು. ಮಹಾಯುದ್ಧದಿಂದ ಕೈರೋದ ಹುದ್ದೆ ಕಳೆದುಕೊಂಡ ಲೂಸ್ 1923ರಲ್ಲಿ ನಿಧನರಾದರು.

ಇಂದು ಇದರ ಹಾನಿಯನ್ನು ರಕ್ತಪರೀಕ್ಷೆ ತಿಳಿಸುತ್ತದೆ. ಹುಳು ರಕ್ತ ಹೀರಿದಂತೆ ಕಬ್ಬಿಣದ ಸಂಗ್ರಹ ಸೂಚಿಸುವ ಫೆರಿಟಿನ್ ಇಳಿಯುತ್ತದೆ, ಬಳಿಕ ಹಿಮೋಗ್ಲೋಬಿನ್ ಕುಸಿಯುತ್ತದೆ. ಹುಳುವಿನ ವಿರುದ್ಧ ಹೋರಾಡುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚುತ್ತವೆ. ಆದರೆ ನೆನಪಿಡಿ, ದೇಹದಲ್ಲಿ ಉರಿಯೂತವಿದ್ದರೆ ಕಬ್ಬಿಣ ಕಡಿಮೆಯಿದ್ದರೂ ಫೆರಿಟಿನ್ ಸರಿಯಾಗಿದೆಯೆಂದೇ ತೋರಬಹುದು. ಆದ್ದರಿಂದ ಮಲಪರೀಕ್ಷೆಯೂ ಬೇಕು.

ತರಗತಿಯಲ್ಲಿ ತೂಕಡಿಸುವ ಗೆಳೆಯನನ್ನು ಸೋಮಾರಿ ಎನ್ನುವ ಮುನ್ನ ಅವನ ಪಾದಗಳನ್ನೊಮ್ಮೆ ನೋಡಿ. ಶೌಚಾಲಯ ಬಳಸಿ, ಚಪ್ಪಲಿ ಧರಿಸಿ, ಇತರರಿಗೂ ತಿಳಿಸಿ.