ಆಚಾರ್ಯ ಮಹಾಲನೋಬಿಸ್

ಸಂಖ್ಯಾಶಾಸ್ತ್ರವೆಂದೊಡನೆ ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮ್ಮಲ್ಲಿ ಅನೇಕರ ಎದೆ ಡವಗುಟ್ಟುತ್ತದೆ. ಅದು ಲೆಕ್ಕದವರ ಪಾಡು, ನಮಗೇಕೆ ಎನ್ನುವವರೇ ಹೆಚ್ಚು. ಅಂಥವರು ಪ್ರಶಾಂತಚಂದ್ರ ಮಹಾಲನೋಬಿಸರ ಜೀವನವನ್ನು ಒಮ್ಮೆ ಓದಬೇಕೆಂದು ನನ್ನ ಆಸೆ.

ಮಹಾಲನೋಬಿಸರು ೧೮೯೩ನೆಯ ಇಸವಿ ಜೂನ್ ೨೯ರಂದು ಕಲ್ಕತ್ತೆಯಲ್ಲಿ ಹುಟ್ಟಿದರು. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಅನಂತರ ಕೇಂಬ್ರಿಜ್ಜಿನಲ್ಲಿಯೂ ಅವರು ಅಭ್ಯಾಸಮಾಡಿದ್ದು ಭೌತಶಾಸ್ತ್ರವನ್ನು. ೧೯೧೫ರಲ್ಲಿ ಊರಿಗೆ ಹೊರಟಾಗ ಯುದ್ಧದ ಕಾರಣ ಹಡಗು ತಡವಾಯಿತು. ಆ ಬಿಡುವಿನಲ್ಲಿ ಅಧ್ಯಾಪಕರೊಬ್ಬರು ಪುಸ್ತಕಭಂಡಾರದಲ್ಲಿದ್ದ 'ಬಯೊಮೆಟ್ರಿಕಾ' ಪತ್ರಿಕೆಯ ಸಂಪುಟಗಳನ್ನು ಅವರಿಗೆ ತೋರಿಸಿದರು. ಅವನ್ನು ಕೊಂಡು ತಂದು, ಹಡಗಿನಲ್ಲಿಯೇ ಓದತೊಡಗಿದರು. ಹೀಗೆ ತಡವಾದ ಒಂದು ಹಡಗು ನಮ್ಮ ದೇಶಕ್ಕೆ ಒಂದು ಶಾಸ್ತ್ರವನ್ನೇ ತಂದಿತೆನ್ನಬಹುದು.

ಕಲ್ಕತ್ತೆಯಲ್ಲಿ ಭೌತಶಾಸ್ತ್ರ ಬೋಧಿಸುತ್ತಲೇ ಅವರು ಅನ್ಯಶಾಸ್ತ್ರಜ್ಞರ ನೆರವಿಗೆ ನಿಂತರು. ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಆನಂಡೇಲರು ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ಸಂಗ್ರಹಿಸಿದ್ದರು. ಅವುಗಳ ವಿಮರ್ಶೆ ಮಹಾಲನೋಬಿಸರ ಪಾಲಿಗೆ ಬಂದಿತು. ಎರಡು ಜನಸಮುದಾಯಗಳ ನಡುವಣ ಅಂತರವನ್ನು ಹಲವು ಅಳತೆಗಳಿಂದ ಒಟ್ಟಿಗೆ ಗುಣಿಸುವ, ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾದ ಸೂತ್ರ ಈ ಬಗೆಯ ಕೆಲಸದಿಂದ ಮೊಳೆತದ್ದು.

ನನ್ನ ಮನಸ್ಸನ್ನು ಬಹುವಾಗಿ ಸೆಳೆದುದು ಒರಿಸ್ಸದ ಪ್ರವಾಹದ ಪ್ರಸಂಗ. ೧೯೨೬ರಲ್ಲಿ ಬ್ರಾಹ್ಮಣೀ ನದಿ ಉಕ್ಕಿ ಹರಿಯಿತು. ನದಿಯ ಪಾತ್ರವೇ ಮೇಲೇರಿದೆ, ಒಡ್ಡುಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ತೀರ್ಮಾನಿಸಿದರು. ಮಹಾಲನೋಬಿಸರು ಸುಮಾರು ೬೦ ವರ್ಷಗಳ ಲೆಕ್ಕಪತ್ರಗಳನ್ನು ತೆಗೆಸಿ ನೋಡಿದರು. ಪಾತ್ರ ಏರಿರಲಿಲ್ಲ, ಮೇಲ್ಸೀಮೆಯಲ್ಲಿ ಬಿದ್ದ ಅತಿವೃಷ್ಟಿಯೇ ಕಾರಣವೆಂದು ಕಂಡುಬಂದಿತು. ರೋಗನಿದಾನ ತಪ್ಪಿದರೆ ಔಷಧವೂ ತಪ್ಪುತ್ತದೆ. ಕಾರಣ ಮೇಲ್ಸೀಮೆಯ ಮಳೆಯಾಗಿರುವಾಗ ಒಡ್ಡಿಗೆ ಎಷ್ಟು ಮಣ್ಣು ಸುರಿದರೇನು? ಕೆಳಗಿನ ಹಳ್ಳಿಗಳ ಹೊಲಮನೆಗಳ ಅಳಿವು ಉಳಿವು ಆ ಲೆಕ್ಕದಲ್ಲಿ ಅಡಗಿದ್ದವು. ಎಂಜಿನಿಯರುಗಳ ವಿದ್ಯೆ ಸುಳ್ಳಲ್ಲ; ಅದಕ್ಕೆ ಅಂಕಿಗಳ ಸಾಕ್ಷ್ಯದ ಜೊತೆ ಬೇಕಾಗಿತ್ತು, ಅಷ್ಟೆ.

೧೯೩೧ರಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜುಮಾಡಲು ಹೊಲ ಹೊಲವನ್ನೂ ಅಳೆಯದೆ, ಅಲ್ಲಲ್ಲಿ ಆರಿಸಿದ ತುಂಡುನೆಲಗಳನ್ನು ಮಾತ್ರ ನೋಡುವ ಮಾದರಿ ಸಮೀಕ್ಷೆಯನ್ನು ೧೯೩೭ರಿಂದ ಆರಂಭಿಸಿದರು. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳುಹಿಸಿ, ಅವುಗಳ ಫಲಿತಾಂಶಗಳನ್ನು ತಾಳೆ ನೋಡುವುದು ಅವರ ಕ್ರಮ. ಅನ್ನ ಬೆಂದಿತೇ ಎಂದು ನೋಡಲು ಅಗುಳೊಂದು ಸಾಕೆಂದು ನಮ್ಮ ಅಜ್ಜಿಯರೂ ಬಲ್ಲರು; ಆದರೆ ಯಾವ ಅಗುಳು, ಎಷ್ಟು ಅಗುಳು ಎಂಬುದನ್ನು ಶಾಸ್ತ್ರವೇ ಹೇಳಬೇಕು. ೧೯೫೦ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ಬೀಜದ ಮರವೇ.

೧೯೩೮ರಲ್ಲಿ ಕಲ್ಕತ್ತೆಯಲ್ಲಿ ಕೂಡಿದ ಪ್ರಥಮ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಇಂಗ್ಲೆಂಡಿನ ಫಿಶರ್ ಅಧ್ಯಕ್ಷರಾಗಿದ್ದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದು ಶವಪರೀಕ್ಷೆಗೆ ವೈದ್ಯನನ್ನು ಕರೆದಂತೆ ಎಂಬುದು ಅವರ ಅಭಿಪ್ರಾಯ. ನಮ್ಮ ನಾಡಿನ ಹೂವಿನ ಹಡಗಲಿಯಲ್ಲಿ ೧೯೨೦ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ೧೯೪೬ರಲ್ಲಿ ಕೇಂಬ್ರಿಜ್ಜಿಗೆ ಹೋಗಿ, ಸೂಡಾನಿನ ಪ್ರಾಚೀನ ಅಸ್ಥಿಗಳ ಅಧ್ಯಯನಕ್ಕೆ ಮಹಾಲನೋಬಿಸರ ವಿಧಾನವನ್ನೇ ಬಳಸಿದುದನ್ನು ನೆನೆದರೆ ಹೆಮ್ಮೆಯೆನಿಸುತ್ತದೆ.

೧೯೭೨ನೆಯ ಜೂನ್ ೨೮ರಂದು, ೭೯ ತುಂಬಲು ಒಂದು ದಿನ ಉಳಿದಿರುವಾಗ, ಆಚಾರ್ಯರು ತೀರಿಕೊಂಡರು. ೨೦೦೭ರಿಂದ ಅವರ ಹುಟ್ಟುಹಬ್ಬವನ್ನು ದೇಶವು ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಿದೆ. ಅರ್ಥಶಾಸ್ತ್ರಕ್ಕೋ ಸಮಾಜಶಾಸ್ತ್ರಕ್ಕೋ ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹಿಸಲು ಹೊರಡುವ ಮಿತ್ರರು, ಮೊದಲು ತಮ್ಮ ಪ್ರಶ್ನಾವಳಿಯನ್ನು ಸಂಖ್ಯಾಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ ಹೊರಟರೆ, ಅದೇ ಆ ಹಿರಿಯರಿಗೆ ನಾವು ಸಲ್ಲಿಸುವ ಗೌರವವೆಂದು ನಾನು ಭಾವಿಸುತ್ತೇನೆ.